ಮೊದಲು ನೀರು, ಆಮೇಲೆ ಗಿಡ, ಕೊನೆಗೆ ಮೀನು

ಮೀನಿನ ತೊಟ್ಟಿಯಲ್ಲಿ ಗಿಡ ಬೆಳೆಸುವ ಬಗ್ಗೆ ಕೈತೋಟದ ಹವ್ಯಾಸಿಗಳ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಒಂದು ಪ್ರಶ್ನೆ. ಅಟ್ಟದ ಮೇಲೋ ಟೆರೇಸಿನ ಮೂಲೆಯಲ್ಲೋ ಖಾಲಿ ಮೀನಿನ ತೊಟ್ಟಿ ಬಿದ್ದಿರುವವರು ಕೈ ಎತ್ತಿ. ನೋಡಿ, ಎಷ್ಟೊಂದು ಜನ! ಆ ತೊಟ್ಟಿಗಳ ಕತೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದು ಶನಿವಾರ ಅಂಗಡಿಗೆ ಹೋಗಿ ತೊಟ್ಟಿ, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಗೊಂಬೆ, ಒಂದು ಡಜನ್ ಮೀನು, ಎಲ್ಲ ಒಟ್ಟಿಗೇ ತಂದಿರುತ್ತೀರಿ. ಮುಂದಿನ ಶನಿವಾರದ ಹೊತ್ತಿಗೆ ನೀರು ಬೆಳ್ಳಗೆ ಕದಡಿರುತ್ತದೆ. ಮೀನು ಒಂದೊಂದಾಗಿ ಸಾಯುತ್ತವೆ. ಮಕ್ಕಳು ಅಳುತ್ತವೆ. ತೊಟ್ಟಿ ಅಟ್ಟಕ್ಕೆ ಹೋಗುತ್ತದೆ.

ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಕ್ರಮ ತಲೆಕೆಳಗಾಗಿದೆ, ಅಷ್ಟೇ. ನಾವು ಮೀನಿನಿಂದ ಶುರು ಮಾಡುತ್ತೇವೆ. ಶುರು ಮಾಡಬೇಕಾದ್ದು ನೀರಿನಿಂದ. ನಮ್ಮ ನಲ್ಲಿಯಲ್ಲಿ ಬರುವ ನೀರು ಎಂಥದ್ದು ಅಂತ ಮೊದಲು ನೋಡಬೇಕು. ಆ ನೀರಿಗೆ ಒಗ್ಗುವ ಗಿಡ ಬೆಳೆಸಬೇಕು. ಗಿಡ ಬೇರು ಬಿಟ್ಟ ಮೇಲೆ ಅಲ್ಲಿ ಬದುಕಬಲ್ಲ ಮೀನು ಬಿಡಬೇಕು. ಗಿಡ ಬೆಳೆಸುವುದು ನಿಮಗೆಲ್ಲ ಗೊತ್ತೇ ಇದೆ, ಅಲ್ವಾ? ಹಾಗಾಗಿ ಅರ್ಧ ಕೆಲಸ ಮುಗಿದ ಹಾಗೆಯೇ.

ಇದು ಹೊಸ ಉಪಾಯವೇನಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಇದನ್ನು ಪ್ರಯೋಗ ಮಾಡಿ ನೋಡಿ 1850ರಲ್ಲಿ ವರದಿ ಬರೆದ. ಹನ್ನೆರಡು ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆ, ತಳದಲ್ಲಿ ಮರಳು ಮತ್ತು ಕೆಸರು, ಎರಡು ಪುಟ್ಟ ಗೋಲ್ಡ್‌ಫಿಶ್, ರಿಬ್ಬನಿನಂಥ ಎಲೆಯ ನೀರಿನ ಗಿಡ ವ್ಯಾಲಿಸ್ನೇರಿಯಾ ಒಂದು. ಸ್ವಲ್ಪ ಕಾಲ ಎಲ್ಲ ಚೆನ್ನಾಗಿತ್ತು. ಆಮೇಲೆ ಗಿಡದ ಹಳೇ ಎಲೆಗಳು ಕೊಳೆತು ನೀರು ಕೆಡಲು ಶುರುವಾಯಿತು. ಆಗ ಆತ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ಮತ್ತೆ ತಿಳಿಯಾಯಿತು. ಆಗ ಕರೆಂಟಿನ ಪಂಪೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ. ಹನ್ನೆರಡು ಗ್ಯಾಲನ್ ಅಂದರೆ ಸುಮಾರು 54 ಲೀಟರ್. ಇವತ್ತು ನಮ್ಮಲ್ಲಿ ಸಿಗುವ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಸುವುದೂ ಹೆಚ್ಚುಕಡಿಮೆ ಅಷ್ಟೇ. ನನ್ನ ಮಾತೆಲ್ಲ ಈ ಎರಡಡಿ ತೊಟ್ಟಿಯ ಲೆಕ್ಕದಲ್ಲೇ ಇರುತ್ತದೆ. ಇದಕ್ಕಿಂತ ಚಿಕ್ಕದು ಬೇಡ. ನೀರು ಕಮ್ಮಿ ಇದ್ದಷ್ಟೂ ಬೇಗ ಕೆಡುತ್ತದೆ. ಮಣ್ಣು, ಕಲ್ಲು, ಗಾಜು ಸೇರಿ ಇದು ಎಂಬತ್ತು ಕೆಜಿ ಹತ್ತಿರ ಬರುತ್ತದೆ. ಗಟ್ಟಿ ಮೇಜಿನ ಮೇಲೆ ಥರ್ಮಾಕೋಲ್ ಹಾಳೆ ಹಾಸಿ ಇಡಿ.

ಹೊಸ ತೊಟ್ಟಿಯಲ್ಲಿ ಮೀನು ಯಾಕೆ ಸಾಯುತ್ತದೆ? ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯಾ. ಇದು ವಿಷ. ಹಳೇ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟೇನೂ ಅಪಾಯವಿಲ್ಲದ್ದು, ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಬೆಳೆದು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದೇ ಇಲ್ಲ. ಇಲ್ಲಿ ಗಿಡದ ಉಪಕಾರ ದೊಡ್ಡದು. ನೀರಿನ ಗಿಡಗಳು ನೈಟ್ರೇಟಿಗಿಂತ ಮೊದಲು ಅಮೋನಿಯಂ ಅನ್ನೇ, ಅಂದರೆ ನೀರಿನಲ್ಲಿ ಅಮೋನಿಯಾ ತಾಳುವ ಇನ್ನೊಂದು ರೂಪವನ್ನೇ, ಹೀರಿಕೊಳ್ಳುತ್ತವೆ. ಬೇಗ ಬೆಳೆಯುವ ಗಿಡಗಳನ್ನು ಮೊದಲ ದಿನವೇ ಒತ್ತಾಗಿ ನೆಟ್ಟರೆ ಬ್ಯಾಕ್ಟೀರಿಯಾ ಬರುವ ತನಕ ಆ ಕೆಲಸ ಅವೇ ಮಾಡುತ್ತವೆ. ಹಾಗಂತ ಮರುದಿನವೇ ಮೀನು ತರಬೇಡಿ. ಒಂದು ತಿಂಗಳು ಬರೀ ಗಿಡ ನೋಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಅಂತ ಟೆಸ್ಟ್ ಕಿಟ್ ತೋರಿಸಿದ ಮೇಲೆ ಮೀನು.

ಈಗ ನೀರಿನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ವಿದೇಶದ ವಿಡಿಯೋ ನೋಡಿ ಕಲಿತವರು ಎಡವುವುದು ಇಲ್ಲೇ.

ನಮ್ಮ ರಾಜ್ಯದಲ್ಲೇ ನೀರು ಎಷ್ಟು ಬಗೆ ನೋಡಿ. ಕರಾವಳಿಯಲ್ಲಿ ಮುರಕಲ್ಲಿನ ನೆಲದ ತೆರೆದ ಬಾವಿ ನೀರು ಮೆದು, ಸ್ವಲ್ಪ ಹುಳಿಯ ಕಡೆಗೆ. ಮಲೆನಾಡಿನದ್ದೂ ಸುಮಾರು ಹಾಗೆಯೇ. ಬೆಂಗಳೂರಿನಲ್ಲಿ ಕಾವೇರಿ ನೀರು ಬಂದರೆ ಮಧ್ಯಮ. ಬೋರ್‌ವೆಲ್ ಆದರೆ ಗಡಸು, ಅಂದರೆ ಸುಣ್ಣದಂಥ ಲವಣ ಜಾಸ್ತಿ. ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಲವಣದ ಮಿಲಿಗ್ರಾಂ ಲೆಕ್ಕ, ಐನೂರು ಆರುನೂರು ದಾಟುವುದು ಮಾಮೂಲು. ಕೋಲಾರ, ಚಿತ್ರದುರ್ಗದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬಿಸಿನೀರಿನ ಪಾತ್ರೆಯ ತಳ ನೋಡಿದರೆ ಸಾಕು. ಪಿಎಚ್ ಅಂದರೆ ಹುಳಿ, ಕ್ಷಾರದ ಅಳತೆ, ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಏಳೂವರೆ ಮೇಲಿರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷವೂ ಏರುತ್ತದೆ. ಹಾಗಾಗಿ ಬೋರ್‌ವೆಲ್ ನೀರಿನವರು ಅವಸರ ಮಾಡಿದರೆ ಮೀನು ಬೇಗ ಹೋಗುತ್ತವೆ.

ಇದಕ್ಕೆ ಅಂಗಡಿಯಲ್ಲಿ ಪಿಎಚ್ ಇಳಿಸುವ ಬಾಟಲಿ ಕೊಡುತ್ತಾರೆ. ತರಬೇಡಿ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಆ ಆಮ್ಲವನ್ನು ನುಂಗಿ, ಪಿಎಚ್ ಅನ್ನು ಒಂದೆರಡು ದಿನದಲ್ಲಿ ಮತ್ತೆ ಮೇಲೆ ತಂದು ನಿಲ್ಲಿಸುತ್ತದೆ. ನೀವು ಮತ್ತೆ ಹಾಕುತ್ತೀರಿ. ಹೀಗೆ ಏರಿಳಿಯುವ ಪಿಎಚ್‌ಗಿಂತ, ಸ್ವಲ್ಪ ಜಾಸ್ತಿ ಇದ್ದರೂ ಒಂದೇ ಸಮ ಇರುವ ಪಿಎಚ್ ಮೀನಿಗೆ ಎಷ್ಟೋ ವಾಸಿ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರೂ ಬೇಡ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಹಾಕುತ್ತದೆ. ನಲ್ಲಿಗೆ ಕರೆ ಕಟ್ಟುವುದಿಲ್ಲ, ನಿಜ. ಆದರೆ ಗಿಡಕ್ಕೆ ಬೇಕಾದದ್ದೇ ಹೋಗಿರುತ್ತದೆ. ನಿಜವಾಗಿ ಮೆದು ನೀರು ಬೇಕೆಂದರೆ ಮಳೆನೀರು ಹಿಡಿಯಿರಿ. ಮೊದಲ ಮಳೆ ಬಿಟ್ಟು, ತೊಳೆದ ಛಾವಣಿಯ ನೀರು. ಅರ್ಧ ಬೋರ್‌ವೆಲ್, ಅರ್ಧ ಮಳೆನೀರು ಬೆರೆಸಿದರೆ ಟಿಡಿಎಸ್ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟರೆ ಹೋಗುತ್ತದೆ. ಅವಸರಕ್ಕೆ ಸೋಡಿಯಂ ಥಯೋಸಲ್ಫೇಟ್ ಹನಿ ಇದೆ, ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಅಂತ ಕೇಳಿ. ಅಪಾರ್ಟ್‌ಮೆಂಟಿನವರು ಇನ್ನೊಂದು ನೆನಪಿಡಿ. ಸಂಪು ತೊಳೆದ ದಿನ ಬ್ಲೀಚಿಂಗ್ ಪೌಡರ್ ಧಾರಾಳವಾಗಿ ಸುರಿದಿರುತ್ತಾರೆ. ಅವತ್ತು ನೀರು ಬದಲಿಸಿದರೆ ಬ್ಯಾಕ್ಟೀರಿಯಾವೂ ಹೋದವು, ಮೀನೂ ಹೋದವು. ವಾಚ್‌ಮನ್ ಹತ್ತಿರ ಒಂದು ಮಾತು ಕೇಳಿ ಇಟ್ಟುಕೊಳ್ಳಿ.

ಸರಿ, ಗಡಸು ನೀರೇ ಗತಿ ಅಂತಾದರೆ? ಏನೂ ಬೇಜಾರಿಲ್ಲ. ಗಿಡಗಳಲ್ಲಿ ಎರಡು ಜಾತಿ. ಕೆಲವು ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಇದ್ದರೆ ಮಾತ್ರ ಬದುಕುತ್ತವೆ. ಇನ್ನು ಕೆಲವು ಬೈಕಾರ್ಬನೇಟನ್ನೇ ಒಡೆದು ಅದರಿಂದ ಇಂಗಾಲ ತೆಗೆದುಕೊಳ್ಳುತ್ತವೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಈ ಎರಡನೇ ಗುಂಪಿನವು. ಬೋರ್‌ವೆಲ್ ನೀರು ಅಂದರೆ ಅವಕ್ಕೆ ಹಬ್ಬ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ನೋಡಲು ಬಲು ಚೆಂದದ ಕಬೋಂಬಾ ಮೊದಲ ಗುಂಪಿನದ್ದು. ಗಡಸು ನೀರಿನಲ್ಲಿ ಅದು ಒಂದೆರಡು ವಾರದಲ್ಲಿ ಎಲೆ ಉದುರಿಸಿ ಬರೀ ಕಡ್ಡಿಯಾಗುತ್ತದೆ. "ನನ್ನ ಕೈಗುಣ ಚೆನ್ನಾಗಿಲ್ಲ" ಅಂತ ಹೇಳುವವರನ್ನು ಎಷ್ಟೋ ಸಲ ನೋಡಿದ್ದೇನೆ. ಕೈಗುಣ ಅಲ್ಲ ಮಾರಾಯ್ರೆ, ನೀರಿನ ಗುಣ.

ಹೈಡ್ರಿಲ್ಲಾ ಅಂದೆನಲ್ಲ, ಒಂದು ಕತೆ ಹೇಳಿಬಿಡುತ್ತೇನೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಅಕ್ವೇರಿಯಂ ವ್ಯಾಪಾರಿಯೊಬ್ಬರು ಶ್ರೀಲಂಕಾದಿಂದ ಈ ಗಿಡ ತರಿಸಿದರು. ಅದು ಕಾಲುವೆಗೆ ಸೇರಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಕೆರೆ, ನದಿಗಳಲ್ಲಿ ಹಬ್ಬಿತು. ದಿನಕ್ಕೆ ಒಂದು ಇಂಚು ಬೆಳೆಯುವ ಗಿಡ ಅದು. ಇವತ್ತಿಗೂ ಅದನ್ನು ಕೀಳಲು ಅಲ್ಲಿ ಲಕ್ಷಾಂತರ ಡಾಲರ್ ಸುರಿಯುತ್ತಾರೆ. 1990ರ ದಶಕದಲ್ಲಿ ಬೇರೆ ಬೇರೆ ದೇಶಗಳ ಹೈಡ್ರಿಲ್ಲಾ ತಂದು ಡಿಎನ್‌ಎ ಹೋಲಿಸಿ ನೋಡಿದಾಗ ಫ್ಲಾರಿಡಾದ ಗಿಡ ಬೆಂಗಳೂರಿನ ಮಾದರಿಗೆ ತುಂಬಾ ಹತ್ತಿರ ಅಂತ ಕಂಡುಬಂತು! ನಮ್ಮ ಕೆರೆಯ ಪಾಚಿ ಅಂತ ಸುಮ್ನೆ ಬಿಟ್ಟ ಗಿಡದ ನೆಂಟರು ಎಲ್ಲೆಲ್ಲಿಗೆ ಹೋಗಿದ್ದಾರೆ ನೋಡಿ. ಅದಕ್ಕೇ ಹೇಳುವುದು, ತೊಟ್ಟಿಯಿಂದ ಕತ್ತರಿಸಿ ತೆಗೆದ ಗಿಡವನ್ನು ಚರಂಡಿಗೆ, ಕೆರೆಗೆ ಎಸೆಯಬೇಡಿ. ಬಿಸಿಲಲ್ಲಿ ಒಣಗಿಸಿ ಕಾಂಪೋಸ್ಟಿಗೆ ಹಾಕಿ. ನಿಮಗೆ ಅದು ಉಪಯೋಗಕ್ಕೂ ಬಂತು.

ಮೆದು ನೀರಿನವರಿಗೆ ಬೇರೆ ಅದೃಷ್ಟ ಇದೆ. ಜಗತ್ತಿನ ಅಕ್ವೇರಿಯಂ ಪ್ರಿಯರು ದುಡ್ಡು ಕೊಟ್ಟು ತರಿಸುವ ಎಷ್ಟೋ ಗಿಡಗಳ ತವರು ನಮ್ಮ ಪಶ್ಚಿಮ ಘಟ್ಟ. ಕಡುಗೆಂಪು ಎಲೆಯ ರೊಟಾಲಾ ಮಕ್ರಾಂಡ್ರಾ ಇಲ್ಲಿಯದು. ಲಾಜಿನಾಂಡ್ರಾ ಮೀಬೋಲ್ಡಿಐ ಇಲ್ಲಿಯದು. ಕ್ರಿಪ್ಟೋಕೊರಿನ್ ರೆಟ್ರೋಸ್ಪೈರಾಲಿಸ್ ನಮ್ಮ ಹೊಳೆಗಳ ಕಲ್ಲುಸಂದಿಯಲ್ಲಿ ಬೆಳೆಯುತ್ತದೆ. ಮಳೆಗಾಲದಲ್ಲಿ ಪೂರ್ತಿ ಮುಳುಗಿ, ನೀರು ಇಳಿದ ಮೇಲೆ ತಲೆ ಎತ್ತಿ ಹೂ ಬಿಡುತ್ತದೆ. ಇವನ್ನು ನರ್ಸರಿಯವರಿಂದ ಕೊಳ್ಳಿ, ಕಾಡಿನೊಳಗೆ ಹೋಗಿ ಕೀಳಬೇಡಿ. ನೀರಿನ ಗಿಡ ಅಂತ ಹೇಳಿ ಡ್ರಸೀನಾ, ಫಿಟ್ಟೋನಿಯಾ ಮಾರುವವರೂ ಇದ್ದಾರೆ. ಅವು ಕುಂಡದ ಗಿಡಗಳು ಅಂತ ನಿಮಗೆ ನಾನು ಹೇಳಬೇಕಾ? ಮುಳುಗಿಸಿದರೆ ಒಂದೆರಡು ತಿಂಗಳಲ್ಲಿ ಕೊಳೆಯುತ್ತವೆ.

ಮಣ್ಣಿಗೆ ಬರೋಣ. ಬೇರಿನಿಂದ ಉಣ್ಣುವ ಗಿಡಗಳಿಗೆ ತಳದಲ್ಲಿ ಮಣ್ಣು ಬೇಕು. ವಿದೇಶಿ ಮಣ್ಣಿನ ಚೀಲಗಳಿಗೆ ಬಹಳ ದುಡ್ಡು ಕೇಳುತ್ತಾರೆ. ನಮ್ಮ ಹೊಲದ ಕೆಮ್ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಫ್ರಾನ್ಸಿಸ್ ಬುಕಾನನ್ ಹೆಸರು ಕೇಳಿದ್ದೀರಲ್ಲ, ಟಿಪ್ಪು ಹೋದ ಮೇಲೆ 1800ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದವನು. ನಮ್ಮ ಕರಾವಳಿಯವರು ಮನೆ ಕಟ್ಟುವ ಮುರಕಲ್ಲನ್ನು ಮಲಬಾರಿನಲ್ಲಿ ನೋಡಿ, ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಅವನೇ. ಅದೇ ಲ್ಯಾಟರೈಟ್ ಜೇಡಿಯನ್ನು 1980ರ ದಶಕದಲ್ಲಿ ಜರ್ಮನಿಯವರು ಗಿಡದ ತೊಟ್ಟಿಗೆ ಅಂತ ಪ್ಯಾಕೆಟ್ ಮಾಡಿ ಮಾರಿದರು. ನಮ್ಮ ಹಿತ್ತಲಲ್ಲಿ ಅದು ಪುಕ್ಕಟೆ.

ಗೊಬ್ಬರ ಹಾಕಿರದ ಜಾಗದ ಕೆಮ್ಮಣ್ಣು ತನ್ನಿ. ಜರಡಿ ಹಿಡಿಯಿರಿ. ಬಕೆಟ್ಟಿನಲ್ಲಿ ನೆನೆಸಿ, ತೇಲುವ ಕಸ ಚೆಲ್ಲಿ, ಮತ್ತೆ ನೆನೆಸಿ. ಹೀಗೆ ಮೂರ್ನಾಲ್ಕು ಸಲ. ಒಂದಿಂಚು ಹರಡಿ. ಮೇಲೆ ಒಂದೂವರೆ ಇಂಚು ದಪ್ಪ ಮರಳು, ಎರಡು ಮೂರು ಮಿಲಿಮೀಟರ್ ಕಾಳಿನದ್ದು. ಸಣ್ಣ ಮರಳಾದರೆ ಬೇರಿಗೆ ಗಾಳಿ ಆಡುವುದಿಲ್ಲ. ಮರಳಿನಲ್ಲಿ ಚಿಪ್ಪು, ಸುಣ್ಣಕಲ್ಲು ಇದೆಯಾ ಅಂತ ನೋಡಲು ಒಂದು ಹಿಡಿಗೆ ವಿನೆಗರ್ ಸುರಿಯಿರಿ. ಗುಳ್ಳೆ ಎದ್ದರೆ ಆ ಮರಳು ನೀರನ್ನು ಇನ್ನೂ ಗಡಸು ಮಾಡುತ್ತದೆ. ಕೈತೋಟದವರಿಗೆ ಸಗಣಿ ಗೊಬ್ಬರ, ಎರೆಗೊಬ್ಬರ ಹಾಕುವ ಆಸೆ ಬರುತ್ತದೆ. ತಡೆದುಕೊಳ್ಳಿ. ಅದು ನೀರೊಳಗೆ ಕೊಳೆತು ಅಮೋನಿಯಾ ಬಿಡುತ್ತದೆ.

ನೆಡುವುದನ್ನು ಒಂದು ಕ್ರಿಪ್ಟೋಕೊರಿನ್ ಇಟ್ಟುಕೊಂಡು ತೋರಿಸುತ್ತೇನೆ. ನೋಡಿ, ಬೇರು ಉದ್ದ ಇದೆ, ಎರಡಿಂಚು ಬಿಟ್ಟು ಕತ್ತರಿಸಿದೆ. ಹಳದಿ ಎಲೆ ಬುಡದಿಂದ ಕಿತ್ತೆ. ಉದ್ದ ಚಿಮಟದಲ್ಲಿ ಬೇರಿನ ತುದಿ ಹಿಡಿದು ಓರೆಯಾಗಿ ಮರಳಿನೊಳಗೆ ಬುಡ ಮುಚ್ಚುವ ತನಕ ಒತ್ತಿ, ಚಿಮಟ ಸಡಿಲಿಸಿ ನಿಧಾನಕ್ಕೆ ಹೊರಗೆ ತೆಗೆಯಬೇಕು. ಆಮೇಲೆ ಗಿಡವನ್ನು ಒಂದು ಚೂರು ಮೇಲಕ್ಕೆ ಎಳೆಯಬೇಕು. ಎಲೆ ಹುಟ್ಟುವ ಬಿಳಿ ಬುಡ ಮರಳಿನ ಮೇಲೆ ಕಾಣಬೇಕು. ಅದು ಹೂತುಹೋದರೆ ಕೊಳೆಯುತ್ತದೆ. ಹದಿನೈದು ದಿನದಲ್ಲಿ ಈ ಗಿಡದ ಎಲೆಗಳೆಲ್ಲ ಕರಗಿ ಲೋಳೆಯಾದರೆ ಗಾಬರಿಯಾಗಬೇಡಿ. ನರ್ಸರಿಯಲ್ಲಿ ಇವನ್ನು ಸಾಮಾನ್ಯವಾಗಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಗಾಳಿಯ ಎಲೆ ನೀರಿಗೆ ಆಗುವುದಿಲ್ಲ. ಬೇರು ಗಟ್ಟಿ ಇದ್ದರೆ ಅದೇ ಬುಡದಿಂದ ತೆಳ್ಳಗಿನ ನೀರೆಲೆ ಬರುತ್ತದೆ. ಕಿತ್ತು ಎಸೆಯುವವರೇ ಜಾಸ್ತಿ.

ಬೆಳಕು: ಹತ್ತು ಹದಿನೈದು ವ್ಯಾಟಿನ ಬಿಳಿ ಎಲ್‌ಇಡಿ, ದಿನಕ್ಕೆ ಆರು ಗಂಟೆ. ಎರಡು ತಿಂಗಳ ಮೇಲೆ ಬೇಕಾದರೆ ಎಂಟು. ಟೈಮರ್ ಹಾಕಿ. ಕಿಟಕಿಯ ನೇರ ಬಿಸಿಲು ಬೇಡ, ನೀರು ಹಸಿರಾಗುತ್ತದೆ. ಬೆಳಕು ಹೆಚ್ಚಾದಷ್ಟೂ ಗಿಡ ಹೆಚ್ಚು ಇಂಗಾಲ, ಗೊಬ್ಬರ ಕೇಳುತ್ತದೆ. ಅದು ಸಿಗದಿದ್ದರೆ ಗಿಡ ನಿಲ್ಲುತ್ತದೆ, ಪಾಚಿ ಆ ಬೆಳಕನ್ನು ಬಳಸಿಕೊಳ್ಳುತ್ತದೆ. ಪಾಚಿ ಬಂತು ಅಂತ ದೂರುವವರಲ್ಲಿ ಬಹಳಷ್ಟು ಜನರ ಮನೆಯಲ್ಲಿ ದೀಪ ಬೆಳಗಿನಿಂದ ರಾತ್ರಿ ತನಕ ಉರಿಯುತ್ತಿರುತ್ತದೆ. ಮೊದಲ ವಾರಗಳ ಕಂದು ಪಾಚಿ ಮಾತ್ರ ಎಲ್ಲರಿಗೂ ಬರುತ್ತದೆ, ಒರೆಸಿದರೆ ಹೋಗುತ್ತದೆ.

ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬರೀ ಗಾಳಿಯಿಂದ ನೀರಿಗೆ ಕರಗುವುದು ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು. ಸಿಲಿಂಡರ್ ಇಟ್ಟವರು ಅದನ್ನು ಇಪ್ಪತ್ತು ಮೂವತ್ತಕ್ಕೆ ಏರಿಸುತ್ತಾರೆ. ಎಲೆಗಳ ಮೇಲೆ ಆಮ್ಲಜನಕದ ಗುಳ್ಳೆ ಸಾಲುಗಟ್ಟಿ ನಿಲ್ಲುವ ಆ ಫೋಟೋಗಳೆಲ್ಲ ಹೆಚ್ಚಾಗಿ ಅಂಥ ತೊಟ್ಟಿಗಳವೇ. ಜಪಾನಿನ ತಾಕಾಶಿ ಅಮಾನೋ ಬೆಳೆಸಿದ ಶೈಲಿ ಅದು. ಬಹಳ ಚೆಂದ, ನಾನು ಒಪ್ಪುತ್ತೇನೆ. ಆದರೆ ವಾರಕ್ಕೊಮ್ಮೆ ಗಿಡ ಕತ್ತರಿಸುವ ಕೆಲಸವೂ ಜೊತೆಗೇ ಬರುತ್ತದೆ. ಸ್ವಲ್ಪ ಹೆಚ್ಚುಕಮ್ಮಿಯಾದರೆ ಮೀನು ಮೇಲೆ ಬಂದು ಬಾಯಿ ಬಡಿಯುತ್ತವೆ. ಮೊದಲ ತೊಟ್ಟಿಗೆ ಅದು ಬೇಡ. ತಳದ ಮಣ್ಣಿನಲ್ಲಿರುವ ಸಾವಯವ ಅಂಶ ಕೊಳೆಯುವಾಗ ಬಿಡುವ ಇಂಗಾಲವೇ ಸಾಕು.

ನೋಡಿಕೊಳ್ಳುವುದು ವಾರಕ್ಕೆ ಅರ್ಧ ಗಂಟೆಯ ಕೆಲಸ. ಕಾಲು ಭಾಗ ನೀರು ತೆಗೆದು, ಅಷ್ಟೇ ಬಿಸಿಯ ಹೊಸ ನೀರು ಹಾಕಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ತೆಗೆದ ಹಳೇ ನೀರಿನಲ್ಲೇ ಹಿಂಡಿ. ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ಉಳಿದದ್ದನ್ನು ಎಲೆ ಹೇಳುತ್ತದೆ. ಕೆಳಗಿನ ಹಳೇ ಎಲೆ ಹಳದಿಯಾದರೆ ಸಾರಜನಕ ಕಮ್ಮಿ. ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಶ್ ಕಮ್ಮಿ. ತುದಿಯ ಹೊಸ ಎಲೆಯೇ ಬಿಳಿಚಿಕೊಂಡರೆ ಕಬ್ಬಿಣ.

ಮೀನಿನ ಬಗ್ಗೆ ಕಮ್ಮಿ ಹೇಳುತ್ತೇನೆ. ಗಡಸು ನೀರಿಗೆ ಗಪ್ಪಿ, ಪ್ಲಾಟಿ, ಮೋಲಿ. ಮಧ್ಯಮ, ಮೆದು ನೀರಿಗೆ ಜೀಬ್ರಾ ಡ್ಯಾನಿಯೋ, ಚೆರ್ರಿ ಬಾರ್ಬ್. ಎರಡಡಿ ತೊಟ್ಟಿಗೆ ಎಂಟು ಹತ್ತು ಪುಟ್ಟ ಮೀನು ಸಾಕು. ಒಂದೇ ಸಲ ತರಬೇಡಿ. ಮಿಸ್ ಕೇರಳ ಅಂತ ಕರೆಯುವ ಡೆನಿಸನ್ ಬಾರ್ಬ್ ಘಟ್ಟದ ಸೊಬಗಿನ ಮೀನು, ನಿಜ. ಆದರೆ ಹೊಳೆಯಿಂದ ಹಿಡಿದು ಹಿಡಿದು ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ. ಅರ್ಧ ಅಡಿಯ ಹತ್ತಿರ ಬೆಳೆಯುವ, ಗುಂಪಾಗಿ ಓಡುವ ಮೀನಿಗೆ ಎರಡಡಿ ಜಾಗ ಸಾಲುವುದೂ ಇಲ್ಲ.

ಇನ್ನು ಪ್ರಶ್ನೆಗಳು.

ಗಿಡಗಳಿಗೆ ಹಾಕುವ 19:19:19 ಗೊಬ್ಬರ ಇಲ್ಲೂ ಹಾಕಬಹುದಾ ಅಂತ ಒಬ್ಬರು ಕೇಳಿದರು. ಬೇಡ. ಅದರಲ್ಲಿ ಯೂರಿಯಾ, ಅಮೋನಿಯಂ ಇರುತ್ತದೆ. ಗೊಬ್ಬರದ ಅಂಗಡಿಯಲ್ಲೇ 13:0:45 ಸಿಗುತ್ತದೆ, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಮಣ್ಣು, ಕಲ್ಲು ಕಳೆದು ತೊಟ್ಟಿಯಲ್ಲಿ 45 ಲೀಟರ್ ನೀರಿದೆ ಅಂದುಕೊಳ್ಳಿ. ಅರ್ಧ ಗ್ರಾಂ ಹಾಕಿದರೆ ನೈಟ್ರೇಟ್ ಸುಮಾರು 7 ಪಿಪಿಎಂ, ಅಂದರೆ ಲೀಟರಿಗೆ 7 ಮಿಲಿಗ್ರಾಂ, ಏರುತ್ತದೆ. ಮೀನು ಕಮ್ಮಿ ಇರುವ ತೊಟ್ಟಿಗೆ ವಾರಕ್ಕೆ ಅಷ್ಟು ಸಾಕು. ಎಲೆ ಹಳದಿಯಾಗದಿದ್ದರೆ ಅದೂ ಬೇಡ.

ಪಾಚಿ ತಿನ್ನಲು ಸಕ್ಕರ್ ಮೀನು ಬಿಡಬಹುದಾ? ಅಂಗಡಿಯಲ್ಲಿ ಬೆರಳುದ್ದ ಇರುವ ಆ ಮೀನು ಒಂದಡಿ ಮೀರಿ ಬೆಳೆಯುತ್ತದೆ, ಗಿಡ ಕಿತ್ತುಹಾಕುತ್ತದೆ. ಆಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ. ನಮ್ಮ ಕೆರೆಗಳಲ್ಲಿ ಮೀನು ಹಿಡಿಯುವವರ ಬಲೆಗೆ ಈಗ ಅದೇ ಬೀಳುತ್ತಿದೆ, ಕೊಳ್ಳುವವರಿಲ್ಲ. ಪಾಚಿಗೆ ಚೆರ್ರಿ ಸೀಗಡಿ, ಪುಟ್ಟ ಬಸವನಹುಳು ಸಾಕು.

ಕರೆಂಟ್ ಹೋದರೆ? ಗಿಡ ಚೆನ್ನಾಗಿದ್ದು ಮೀನು ಕಮ್ಮಿ ಇದ್ದರೆ ಹಗಲು ನಾಲ್ಕೈದು ಗಂಟೆ ಏನೂ ಆಗದು. ರಾತ್ರಿ ಮಾತ್ರ ಗಿಡವೂ ಆಮ್ಲಜನಕ ಬಳಸುತ್ತದೆ, ಬೆಳಗಿನ ಜಾವಕ್ಕೆ ಅದು ತೀರಾ ಕಮ್ಮಿಯಾಗಿರುತ್ತದೆ. ಬ್ಯಾಟರಿಯ ಗಾಳಿ ಪಂಪ್ ಒಂದು ಇಟ್ಟುಕೊಳ್ಳಿ. ಇಲ್ಲವೇ ಒಂದು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಸುರಿಯಿರಿ.

ಕೊನೆಗೆ ಒಬ್ಬ ತಾಯಿ ಕೇಳಿದರು, ಹತ್ತು ದಿನ ಊರಿಗೆ ಹೋದರೆ ಏನು ಮಾಡುವುದು ಅಂತ. ಹೊರಡುವ ಹಿಂದಿನ ದಿನ ನೀರು ಬದಲಿಸಿ. ದೀಪದ ಟೈಮರ್ ಒಂದು ಗಂಟೆ ಕಮ್ಮಿ ಮಾಡಿ. ಬೆಳೆದ, ಆರೋಗ್ಯದ ಮೀನು ಒಂದು ವಾರ ಉಪವಾಸ ಇದ್ದರೂ ಏನಾಗುವುದಿಲ್ಲ, ಗಿಡದ ನಡುವೆ ಹುಡುಕಿ ಏನಾದರೂ ತಿನ್ನುತ್ತವೆ. ಪಕ್ಕದ ಮನೆಯವರಿಗೆ ಹೇಳಿ ಹೋಗಲೇಬೇಕು ಅನ್ನಿಸಿದರೆ ಒಂದೊಂದು ಚಿಟಿಕೆ ಆಹಾರವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆದು ಕೊಡಿ. ಮೂರು ದಿನಕ್ಕೊಂದು ಪೊಟ್ಟಣ. ಆಹಾರದ ಡಬ್ಬ ಮಾತ್ರ ಕೊಡಬೇಡಿ. ಪಾಪ, ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದಾಗಲೆಲ್ಲ ಅವರು ಹಾಕುತ್ತಾರೆ. ಬೀರುವಿನಲ್ಲಿಟ್ಟು ಬೀಗ ಹಾಕಿ ಹೊರಡಿ.